ಪಿಕಪ್

ಬಿಳಿ ಟ್ಯಾಕ್ಸಿಯೊಂದು ಎಡಗಡೆಯಿಂದ ಬಂದು ಮುಂದೆ ಹೋಯಿತು. ಮೇಲೆ ಹಗ್ಗ ಬಿಗಿದ ಸೂಟ್‌ಕೇಸುಗಳು, ಒಳಗೆ ಮೈಗೆ ಮೈ ತಾಗಿಸಿ ಕೂತ ಒಂದು ಸಂಸಾರ, ಚಾಲಕನ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಅರ್ಧ ಸುಲಿದ ಬಾಳೆಹಣ್ಣು. ಹೆಬ್ಬಾಳ ದಾಟಿ ವಿಮಾನ ನಿಲ್ದಾಣದ ಕಡೆಯ ಮೇಲ್ಸೇತುವೆ ಏರುವ ಜಾಗ ಅದು. ಈ ಏರಿನಲ್ಲಿ ಇಷ್ಟು ವರ್ಷಗಳಲ್ಲಿ ನಿರಂಜನನನ್ನು ಯಾವ ಟ್ಯಾಕ್ಸಿಯೂ ಹಿಂದೆ ಹಾಕಿರಲಿಲ್ಲ. ಅವನು ಗೇರು ಇಳಿಸಿ ಪೆಡಲನ್ನು ನೆಲಕ್ಕೆ ಒತ್ತಿದ. ಸದ್ದು ಬಂತು. ಹೊಟ್ಟೆಯೊಳಗಿಂದ ಏಳುವ ಆ ಗಟ್ಟಿ ಸದ್ದು ಮೊದಲಿನ ಹಾಗೇ ಬಂತು. ಆದರೆ ಸದ್ದಿನ ಬೆನ್ನಿಗೇ ಬರಬೇಕಾದದ್ದು, ಮೈಯನ್ನು ಸೀಟಿಗೆ ಅಂಟಿಸುವ ಆ ನೂಕು, ಬರಲಿಲ್ಲ. ಬಾಗಿಲು ತಟ್ಟಿದಾಗ ಒಳಗಿನಿಂದ ‘ಬಂದೆ’ ಎಂದು ಕೂಗಿ ಆಮೇಲೆ ಯಾರೂ ಬಾರದೆ ಇದ್ದ ಹಾಗಾಯಿತು. ಟ್ಯಾಕ್ಸಿಯ ಹಿಂದಿನ ಗಾಜಿನಿಂದ ಒಂದು ಮಗು ಅವನನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ಚಿಕ್ಕದಾಯಿತು.

ಪೆಟ್ರೋಲ್ ಕಲಬೆರಕೆ ಇರಬಹುದು ಎಂದುಕೊಂಡ. ಎ.ಸಿ. ಹಾಕಿದ್ದೇನೆ, ಬಿಸಿಲು ಬೇರೆ. ಎ.ಸಿ. ಆರಿಸಿ ಮತ್ತೊಮ್ಮೆ ಒತ್ತಿದ. ಅದೇ ಸದ್ದು, ಅದೇ ಖಾಲಿ. ಆಗ ಅವನ ತಲೆಗೆ ಬಂದ ಮೊದಲ ಹೆಸರು ನಾಗಭೂಷಣನದು. ಆರ್.ಟಿ. ನಗರದ ಹಿಂದಿನ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿಕೊಂಡಿರುವ ನಾಗಭೂಷಣ ಈ ಕಾರನ್ನು ಹನ್ನೊಂದು ವರ್ಷದಿಂದ ಮುಟ್ಟುತ್ತಿದ್ದ. ನಾಲ್ಕು ತಿಂಗಳ ಹಿಂದೆ ಕ್ಲಚ್ ಬದಲಾಯಿಸಲೆಂದು ಅವನಲ್ಲಿ ಬಿಟ್ಟಾಗ ಒಂದು ದಿನದ ಕೆಲಸಕ್ಕೆ ಮೂರು ದಿನ ಇಟ್ಟುಕೊಂಡಿದ್ದ. ಆಗಲೇ ಕೇಳಬೇಕಿತ್ತು. ಕೇಳದೆ ಇದ್ದದ್ದು ಏಕೆ? ನಂಬಿಕೆಯಿಂದಲೋ, ಸಂಕೋಚದಿಂದಲೋ? ಒಬ್ಬರ ಗಾಡಿಯ ಭಾಗ ತೆಗೆದು ಇನ್ನೊಬ್ಬರ ಗಾಡಿಗೆ ಹಾಕುವ ಶೆಡ್‌ಗಳು ಎಷ್ಟಿಲ್ಲ? ಅದನ್ನು ನಿರಂಜನನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪಘಾತವಾದ ಗಾಡಿಗಳನ್ನು ನೋಡಿ, ಮಾಲೀಕರು ಹೇಳುವ ಕಥೆಗೂ ತಗಡು ಹೇಳುವ ಕಥೆಗೂ ತಾಳೆ ಹಾಕಿ, ವಿಮಾ ಕಂಪನಿಗೆ ವರದಿ ಕೊಡುವುದು ಅವನ ಕಸುಬು. ಹದಿನೈದು ವರ್ಷದಿಂದ ಸುಳ್ಳಿನ ಮೇಲೆ ಬದುಕಿದವನು ತಾನು ಎಂದು ಅವನೇ ತಮಾಷೆ ಮಾಡುತ್ತಿದ್ದ.

ಈ ಕೆಂಪು ಕಾರನ್ನು ಕೊಂಡಾಗ ಅವನಿಗೂ ಸೌಜನ್ಯಳಿಗೂ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ನೋಡಲು ಪುಟ್ಟದು, ಒಳಗೆ ದೊಡ್ಡ ಜೀವ. ಕಂಪನಿ ಕೆಲವೇ ವರ್ಷ ಮಾಡಿ ನಿಲ್ಲಿಸಿಬಿಟ್ಟಿತು; ನಿಲ್ಲಿಸಿದ್ದಕ್ಕೇ ಇವನಿಗೆ ಇನ್ನಷ್ಟು ಪ್ರೀತಿ. ಮೊದಲು ಚಕ್ರ, ಟೈರು, ಬ್ರೇಕು ಬದಲಾಯಿಸಿದ. ಆಮೇಲೆ ಬೇರೆ ಸ್ಪ್ರಿಂಗ್ ಹಾಕಿಸಿ ಗಾಡಿಯ ಎತ್ತರ ಸ್ವಲ್ಪ ತಗ್ಗಿಸಿದ, ಸೈಲೆನ್ಸರ್ ಬದಲಾಯಿಸಿದ. ಕೊನೆಗೆ ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ಬರೆಸಿ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ತೆಗೆಸಿದ. ರೀಮ್ಯಾಪ್ ಅನ್ನುತ್ತಾರೆ ಅದಕ್ಕೆ. ನಾಗಭೂಷಣ ಮಾತ್ರ ‘ಫೈಲ್ ಹಾಕೋದು’ ಎನ್ನುತ್ತಿದ್ದ. ಹಾಕಿದ ದಿನ ನಂದಿಯ ಕಡೆ ಹೋಗಿದ್ದರು. ಸೌಜನ್ಯ ಗಾಜು ಇಳಿಸಿ, ಕೂದಲು ಮುಖದ ಮೇಲೆಲ್ಲ ಹಾರುತ್ತಿರಲು, ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಅವನ ತೊಡೆಯನ್ನು ಹೊಡೆಯುತ್ತ ನಕ್ಕಿದ್ದಳು. ಆಮೇಲೆ ಬಂದದ್ದೆಲ್ಲ ರಿಪೇರಿಯ ವರ್ಷಗಳು. ಇಲಿ ವೈರ್ ಕಡಿಯಿತು. ಯಲಹಂಕದಲ್ಲಿ ಕೆರೆ ತುಂಬಿ ರಸ್ತೆಗೆ ಬಂದ ವರ್ಷ ನೆಲದ ಹಾಸಿನೊಳಗೆ ನೀರು ಸೇರಿ ತಿಂಗಳುಗಟ್ಟಲೆ ಮುಗ್ಗಲು ವಾಸನೆ. ಬಿಸಿಲಿಗೆ ಬಾನೆಟ್ಟಿನ ಕೆಂಪು ಮಾಸಿ ಮಿಕ್ಕ ಕೆಂಪಿಗಿಂತ ಬೇರೆಯಾಯಿತು. ಆದರೂ ಪೆಡಲ್ ಒತ್ತಿದರೆ ಪಿಕಪ್ ಇತ್ತು. ಜೀವನದಲ್ಲಿ ಕೇಳಿದ ಕೂಡಲೇ ಕೊಡುವಂಥದ್ದು ಅದೊಂದೇ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸಿದ್ದುಂಟು. ಹೀಗೆ ಅನ್ನಿಸಿದಾಗ ಸೌಜನ್ಯಳ ಕಡೆ ನೋಡಲು ನಾಚಿಕೆಯಾಗುತ್ತಿತ್ತು.

ಯಲಹಂಕದ ವರ್ಕ್‌ಶಾಪಿನಲ್ಲಿ ಅವನಿಗಾಗಿ ಕಾಯುತ್ತಿದ್ದವನ ಹೆಸರು ಸೋಮನಾಥ. ಮುಂಭಾಗ ಪೂರ್ತಿ ಅಪ್ಪಚ್ಚಿಯಾದ ಗಾಡಿಯ ಪಕ್ಕ ಹೊಸ ಅಂಗಿ ತೊಟ್ಟು ನಿಂತಿದ್ದ. “ನಾಯಿ ಅಡ್ಡ ಬಂತು ಸಾರ್,” ಎಂದ. ಎಲ್ಲರೂ ನಾಯಿಯನ್ನೇ ಹೇಳುತ್ತಾರೆ. ನಿರಂಜನ ಎಂದೂ ವಾದ ಮಾಡುವವನಲ್ಲ, ಸುಮ್ಮನೆ “ಆಮೇಲೆ?” ಎನ್ನುತ್ತಿದ್ದ. ಅದೊಂದೇ ಮಾತು. “ಆಮೇಲೆ ಬ್ರೇಕ್ ಹಾಕ್ದೆ ಸಾರ್.” “ಆಮೇಲೆ?” “ಆಮೇಲೆ… ಗೋಡೆ ಸಿಕ್ತು.” “ಅದಕ್ಕೂ ಮುಂಚೆ?” ಸೋಮನಾಥನ ಕಣ್ಣು ವರ್ಕ್‌ಶಾಪಿನ ಆ ಮೂಲೆಗೆ ಹೋಯಿತು, ಈ ಮೂಲೆಗೆ ಬಂತು. ಜನ ಸುಳ್ಳು ಹೇಳುವುದು ಬಹಳ ಕಡಿಮೆ, ಬಿಟ್ಟು ಹೇಳುತ್ತಾರೆ. ಬಿಟ್ಟ ಜಾಗದ ಸುತ್ತ ಮಾತು ಸ್ವಲ್ಪ ವೇಗವಾಗುತ್ತದೆ. ಹಾಗೆ ವೇಗವಾಗುವುದನ್ನು ಗುರುತಿಸುವುದೇ ಕಸುಬಿನ ಗುಟ್ಟು.

ಫೋಟೋ ತೆಗೆಯುತ್ತಿದ್ದಾಗ, ಒಡೆದ ಹೆಡ್‌ಲೈಟಿನ ಚೂರುಗಳ ನಡುವೆ ಒಣಹುಲ್ಲಿನ ಕಡ್ಡಿಯೊಂದು ಸಿಕ್ಕಿಕೊಂಡಿರುವುದು ಕಂಡಿತು. ಎಲ್ಲಿಂದಲೋ ಹಾರಿ ಬಂದ ಬರೀ ಒಂದು ಕಡ್ಡಿ. ಅವನ ಕೈ ನಿಂತಿತು. ಈ ವರ್ಷದ ಆರಂಭದಲ್ಲಿ ದೊಡ್ಡಬಳ್ಳಾಪುರದ ಕಡೆಯಿಂದ ಬರುವಾಗ ರಾಜಾನುಕುಂಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಆದದ್ದು. ಪಕ್ಕದಲ್ಲಿ ಸೌಜನ್ಯ, ಹಿಂದೆ ಮಗಳು ಶಾಂತಲಾ. ಮುಂದೆ ಇಟ್ಟಿಗೆ ಲಾರಿ. ಇವನು ಗೇರು ಇಳಿಸಿ ಲಾರಿಯನ್ನು ದಾಟುತ್ತಿದ್ದಾಗ ಲಾರಿಯ ಮೂತಿಯ ಮರೆಯಿಂದ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ರಸ್ತೆಗೆ ಕಾಲಿಟ್ಟಳು. ಬ್ರೇಕು. ಟೈರಿನ ಕೂಗು. ಕಾರು ಅಡ್ಡಡ್ಡ ತಿರುಗಿ ಧೂಳಿನಲ್ಲಿ ನಿಂತಾಗ ಬಾನೆಟ್ಟಿಗೂ ಮುದುಕಿಗೂ ನಡುವೆ ಒಂದು ಮೊಳ ಜಾಗವಿತ್ತು. ಹೊರೆ ಬಿದ್ದು ಹುಲ್ಲು ಚೆಲ್ಲಿತ್ತು. ಮುದುಕಿಗೆ ಒಂದು ಗೀರೂ ಆಗಿರಲಿಲ್ಲ. ಈ ಕಥೆಯನ್ನು ಅವನು ಬಹಳ ಜನಕ್ಕೆ ಹೇಳಿದ್ದ. ಆ ಬ್ರೇಕಿಲ್ಲದೆ, ಆ ಟೈರಿಲ್ಲದೆ, ಮಾಮೂಲಿ ಕಾರಾಗಿದ್ದಿದ್ದರೆ ಅವಳ ಕಥೆ ಮುಗಿದೇ ಹೋಗುತ್ತಿತ್ತು ಎಂದು. ಕಾರು ಒಂದು ಜೀವ ಉಳಿಸಿತು ಎಂದು. ಕೇಳಿದವರು ತಲೆದೂಗಿದ್ದರು. ಆಮೇಲೆ? ಆಮೇಲೆ ಮನೆಗೆ ಬಂದರು. ಅದಕ್ಕೂ ಮುಂಚೆ? ಅವನು ಕಡ್ಡಿಯನ್ನು ಕಿತ್ತು ಬಿಸಾಕಿ ಇನ್ನೊಂದು ಫೋಟೋ ತೆಗೆದ. ಹಿಂದಿನ ಸೀಟು ಒದ್ದೆಯಾಗಿತ್ತು ಎಂಬುದು ಮಾತ್ರ ಹೇಗೋ ನೆನಪಿಗೆ ನುಸುಳಿತು. ಎಂಟು ತುಂಬಿದ ಹುಡುಗಿ. ಸೌಜನ್ಯ ಬಕೆಟ್ಟು ತಂದು, ಯಾರಿಗೂ ಕಾಣದ ಹಾಗೆ ಗೇಟಿನ ಒಳಗೆ ಕಾರನ್ನು ನಿಲ್ಲಿಸಿಕೊಂಡು, ಸೀಟನ್ನು ಉಜ್ಜಿದ್ದಳು. ಅವನು ಮಹಡಿಯಲ್ಲಿ ಯಾರ ಜೊತೆಯಲ್ಲೋ ಫೋನಿನಲ್ಲಿ ಅದೇ ಬ್ರೇಕಿನ ಕಥೆ ಹೇಳುತ್ತಿದ್ದ.

ಶನಿವಾರ ಬೆಳಿಗ್ಗೆ ವಿದ್ಯಾರಣ್ಯಪುರದ ಮನೆಯ ಮುಂದೆ ಜ್ಯಾಕ್ ಹಾಕಿ, ಹಳೆಯ ಬೆಡ್‌ಶೀಟು ಹಾಸಿ ಕಾರಿನ ಕೆಳಗೆ ಮಲಗಿದ. ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ ಬದಲಾಗಿದೆಯೇ ಎಂದು, ಅದರ ಮೇಲಿನ ನಂಬರನ್ನು ಹಿಂದೆ ಯಾವಾಗಲೋ ಫೋನಿನಲ್ಲಿ ತೆಗೆದಿಟ್ಟಿದ್ದ ಚಿತ್ರದ ಜೊತೆ ಹೋಲಿಸಬೇಕಿತ್ತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕತ್ತು ತಿರುಗಿಸುತ್ತಿದ್ದಾಗ ಎರಡು ಬಿಳಿ ಕಾಲು, ರಬ್ಬರ್ ಚಪ್ಪಲಿ ಬಂದು ನಿಂತವು. ಎದುರು ಮನೆಯ ಗುಂಡಣ್ಣ. ರಿಟೈರಾದ ಮೇಲೆ ಬೀದಿಯ ಸಮಸ್ತವನ್ನೂ ವಿಚಾರಿಸಿಕೊಳ್ಳುವವರು.

“ಏನ್ ಕಳೀತು ನಿರಂಜನ್?”

“ಏನಿಲ್ಲ ಸಾರ್. ಸುಮ್ನೆ ನೋಡ್ತಿದ್ದೆ.”

“ಸುಮ್ನೆ ಯಾರಾದ್ರೂ ಕಾರಿನ ಕೆಳಗೆ ಮಲಗ್ತಾರೇನ್ರೀ? ಆ ಮೆಕ್ಯಾನಿಕ್ ಏನಾದ್ರೂ ಎತ್ಬಿಟ್ನಾ?” ಗುಂಡಣ್ಣ ಧ್ವನಿ ತಗ್ಗಿಸಿದರು. “ಮೊನ್ನೆ ಮೊನ್ನೆ ಇಲ್ಲಿಗೇ ಬಂದಿದ್ನಲ್ಲ ಅವನು. ನೀವು ಇರ್ಲಿಲ್ಲ. ನಿಮ್ಮ ಮನೆಯವರ ಹತ್ರ ಗೇಟಲ್ಲೇ ನಿಂತು ಮಾತಾಡ್ಕೊಂಡು ಹೋದ.”

ನಂಬರುಗಳು ತಾಳೆಯಾದವು. ಎಲ್ಲವೂ ಅವನದೇ, ಯಾವುದೂ ಕಳೆದಿರಲಿಲ್ಲ. ಆದರೆ ಕೆಳಗಿನಿಂದ ಹೊರಗೆ ಬಂದು ಬೆನ್ನಿನ ಮಣ್ಣು ಕೊಡವಿಕೊಳ್ಳುವಾಗ, ಕಳೆದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಕಳ್ಳತನಕ್ಕೆ ಒಂದು ಹೆಸರಿದೆ. ತಾನಿಲ್ಲದ ಹೊತ್ತಿನಲ್ಲಿ ಮೆಕ್ಯಾನಿಕ್ಕೊಬ್ಬ ಗೇಟಿನ ತನಕ ಬಂದು ಹೆಂಡತಿಯ ಜೊತೆ ಮಾತಾಡಿ ಹೋಗುವುದಕ್ಕೆ ಏನೆನ್ನಬೇಕು? ಮಧ್ಯಾಹ್ನ ಸೌಜನ್ಯ ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದ. ಬಚ್ಚಲಿನ ನೀರಿನ ಸದ್ದು ನಿಂತಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದ. ‘ನಾಗಭೂಷಣ ಗ್ಯಾರೇಜ್’ ಎಂಬ ಹೆಸರು ಎರಡು ಕಡೆ ಇತ್ತು. ಒಂದು ಕರೆ ಕ್ಲಚ್ ಬದಲಾಯಿಸಿದ ಆ ಮೂರು ದಿನಗಳಲ್ಲೇ. ಫೋನನ್ನು ಇದ್ದ ಹಾಗೇ ಇಟ್ಟು ಟಿ.ವಿ. ಮುಂದೆ ಕೂತ. ಅವಳು ತಲೆ ಒರೆಸಿಕೊಳ್ಳುತ್ತ ಬಂದು, “ಯಾಕ್ ರೀ ಒಂಥರಾ ಇದೀರಾ?” ಎಂದಳು. “ಗಾಡಿ ಯಾಕೋ ಎಳೀತಿಲ್ಲ,” ಎಂದ, ಅವಳ ಮುಖವನ್ನೇ ನೋಡುತ್ತ. ಆ ಮುಖ ಒಂದು ಕ್ಷಣ ಟವೆಲ್ಲಿನ ಹಿಂದೆ ಮರೆಯಾಯಿತು. ಆಮೇಲೆ ಬಂತು. “ವಯಸ್ಸಾಯ್ತಲ್ಲ ಅದಕ್ಕೂ,” ಎಂದು ಅಡುಗೆಮನೆಗೆ ಹೋದಳು.

ಅವಳದು ಯಶವಂತಪುರದ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಬಂದವರನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಕನ್ನಡಕದ ನಂಬರ್ ನೋಡುವುದು. ‘ಇದು ಚೆನ್ನಾಗಿ ಕಾಣ್ತಿದೆಯಾ, ಇದಾ?’ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಳು, ಕೆಲವರಿಗೆ ಬೇಕೆಂದೇ ಅದೇ ಗಾಜನ್ನು ತೆಗೆದು ಮತ್ತೆ ಅದನ್ನೇ ಹಾಕುತ್ತಾಳಂತೆ. ಎರಡನೆಯದೇ ಚೆನ್ನಾಗಿದೆ ಮೇಡಂ ಎಂದು ಆಣೆ ಇಟ್ಟ ಹಾಗೆ ಹೇಳುತ್ತಾರಂತೆ. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆ ನಗು ಈಗ ಯಾವ ಕಾರಣಕ್ಕೆ ನೆನಪಾಯಿತೋ, ಅವನಿಗೆ ಟಿ.ವಿ.ಯ ಮಾತು ಕೇಳಿಸಲಿಲ್ಲ.

ಭಾನುವಾರ ರಾಜಾನುಕುಂಟೆಯ ಗಿರಿಯನ್ನು ಕಾಣಲು ಹೋದ. ಗಿರಿಯ ತಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಗಿರಿ ಲೇಔಟ್ ಮಾಡಿ ಸೈಟು ಮಾರುತ್ತಿದ್ದ. ಮೂರು ಕಾರು ಇಟ್ಟಿದ್ದ, ಆದರೂ ಈ ಕೆಂಪು ಕಾರನ್ನು ಕಂಡರೆ ಮಕ್ಕಳಂತೆ ಆಸೆಪಡುತ್ತಿದ್ದ. ಅಲ್ಲಿನ ಟೀ ಅಂಗಡಿಯ ಮುಂದೆ ಭಾನುವಾರಗಳಂದು ಇಂಥ ಕಾರುಗಳ ನಾಲ್ಕೈದು ಜನ ಸೇರುವುದಿತ್ತು. ನಿರಂಜನ ಕೀಲಿ ಕೊಟ್ಟು, “ಒಂದು ರೌಂಡ್ ಹೋಗ್ಬಿಟ್ಟು ಬನ್ನಿ. ಏನ್ ಅನ್ಸುತ್ತೆ ಹೇಳಿ,” ಎಂದ. ಗಿರಿ ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ ಹೋಗಿ ಬಂದ. ಇಳಿದು ಬಾಗಿಲು ಹಾಕಿ ಕಾರಿನ ಮೇಲೆ ಕೈಯಿಟ್ಟುಕೊಂಡು ನಿಂತ, ದನದ ಮೈ ಸವರುವ ಹಾಗೆ.

“ಸಾರ್, ಬೇಜಾರ್ ಮಾಡ್ಕೋಬೇಡಿ. ಗಾಡಿ ನಿದ್ದೆ ಒಡೀತೈತೆ.”

“ಹಾಗಂದ್ರೆ?”

“ಫೈಲೇ ಇಲ್ಲ ಸಾರ್ ಇದ್ರಾಗೆ. ಕಂಪ್ನಿಯೋರು ಕೊಟ್ಟಂಗೈತೆ. ಯಾರೋ ತೆಗ್ದವ್ರೆ.” ಆಮೇಲೆ ತಮಾಷೆಯೋ ನಿಜವೋ ತಿಳಿಯದ ಧ್ವನಿಯಲ್ಲಿ, “ಅಲ್ಲ ಸಾರ್, ಕ್ಲಚ್ ಮಾಡ್ಸಿದ್ಮ್ಯಾಕೆ ಪಿಕಪ್ ಜಾಸ್ತಿ ಆಗೈತೆ ಅಂತ ಇಲ್ಲೇ ನಿಂತ್ಕಂಡು ನಮಗೆಲ್ಲ ಯೋಳಿದ್ರಲ್ಲ! ಇಂಗಿದ್ದಾಗ ಅದೆಂಗ್ ಜಾಸ್ತಿ ಆಯ್ತು?” ಎಂದ.

ಟೀ ಅಂಗಡಿಯ ಬೆಂಚಿನ ಮೇಲಿದ್ದವರು ನಕ್ಕರು. ಕೆಟ್ಟ ನಗುವಲ್ಲ, ಆದರೆ ಅವನ ಕಿವಿ ಬಿಸಿಯಾಯಿತು. ಹೌದು, ಹೇಳಿದ್ದ. ಕ್ಲಚ್ ಹಾಕಿದ ದಿನ ಒಂದು ಸುತ್ತು ಹೋಗಿ ಬಂದು ನಾಗಭೂಷಣನ ಭುಜ ತಟ್ಟಿ, “ಬೆಣ್ಣೆ ಕಣ್ರೀ! ಮೊದಲಿಗಿಂತ ಪಿಕಪ್ ಜಾಸ್ತಿನೇ ಆಗಿದೆ,” ಎಂದಿದ್ದ. ನಾಗಭೂಷಣ ಮುಖ ಪಕ್ಕಕ್ಕೆ ತಿರುಗಿಸಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಅದನ್ನು ವಿನಯ ಎಂದುಕೊಂಡಿದ್ದ. ಆಮೇಲೆ ನಾಲ್ಕು ತಿಂಗಳು, ಶಕ್ತಿಯೇ ಇಲ್ಲದ ಕಾರನ್ನು ಶಕ್ತಿ ಇದೆಯೆಂದು ಓಡಿಸಿದ್ದ, ಅದರಲ್ಲೇ ಸುಖಪಟ್ಟಿದ್ದ. ತಗಡಿನ ಒಂದು ಗೀರಿನಿಂದ ಇಡೀ ಸುಳ್ಳನ್ನು ಹಿಡಿಯುವವನಿಗೆ ಬಾಳೆಹಣ್ಣು ತಿನ್ನುವ ಟ್ಯಾಕ್ಸಿಯವನು ಬಂದು ಹೇಳಬೇಕಾಯಿತು. ಹಾಗಾದರೆ ಇನ್ನೇನೇನನ್ನು ತೆಗೆದಿದ್ದಾರೆ? ಈಚೆಗೆ ಮನೆಯ ಕಾಫಿ ಸಪ್ಪೆ ಎನ್ನಿಸಿದ್ದು ಸುಳ್ಳೇ? ಶಾಂತಲಾ ಹಿಂದಿನಿಂದ ಕತ್ತು ಚಾಚಿ ‘ಎಷ್ಟಿದೆ ಅಪ್ಪ ಈಗ? ಎಷ್ಟರಲ್ಲಿ ಹೋಗ್ತಿದೀಯ?’ ಎಂದು ಪದೇ ಪದೇ ಕೇಳುವುದನ್ನು ಅವನು ನನ್ನ ಮಗಳಿಗೂ ವೇಗದ ಹುಚ್ಚು ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ. ಅದೂ ಅಲ್ಲವೇನೋ.

ಸೋಮವಾರ ಮಧ್ಯಾಹ್ನ ಆರ್.ಟಿ. ನಗರದ ಶೆಡ್ಡಿಗೆ ಹೋಗುವ ಹೊತ್ತಿಗೆ ಅವನು ಹೇಳಬೇಕಾದ ಮಾತುಗಳನ್ನು ನೂರು ಸಲ ಜೋಡಿಸಿಕೊಂಡಿದ್ದ. ನಾಗಭೂಷಣ ಊಟದ ಡಬ್ಬಿ ತೊಳೆಯುತ್ತಿದ್ದ. ಕಾರನ್ನು ನೋಡಿ, ಇಳಿದ ನಿರಂಜನನ ಮುಖವನ್ನು ನೋಡಿ, ಡಬ್ಬಿಯನ್ನು ನಲ್ಲಿಯ ಕಟ್ಟೆಯ ಮೇಲೆ ಬೋರಲು ಹಾಕಿದ.

“ಫೈಲ್ ಎಲ್ಲಿ ನಾಗಭೂಷಣ?”

ಜೋಡಿಸಿಕೊಂಡಿದ್ದರಲ್ಲಿ ಈ ಮಾತು ಇರಲಿಲ್ಲ. ನಾಗಭೂಷಣ ಅಂಗಿಗೆ ಕೈ ಒರೆಸಿಕೊಂಡ. “ಇದೆ ಸಾರ್, ಲ್ಯಾಪ್‌ಟಾಪಲ್ಲಿ. ಎಲ್ಲೂ ಹೋಗಿಲ್ಲ.”

“ಯಾರಿಗೆ ಹಾಕಿ ಕೊಟ್ಟೆ?”

“ಯಾರಿಗೂ ಇಲ್ಲ. ಅಯ್ಯೋ, ನನ್ನ ಕಳ್ಳ ಅಂದ್ಕೊಂಡ್ರಾ?” ಅವನ ಮುಖ ಕೆಂಪಾಯಿತು. “ಮೇಡಂ ಬಂದಿದ್ರು ಸಾರ್. ಕ್ಲಚ್ ಕೆಲಸ ನಡೀತಿದ್ದಾಗ. ಪವರ್ ತೆಗೀರಿ, ಸೌಂಡ್ ಹಂಗೇ ಇರ್ಲಿ, ಅವರಿಗೆ ಗೊತ್ತಾಗ್ಬಾರ್ದು ಅಂದ್ರು. ಆಗಲ್ಲ ಮೇಡಂ, ಗಾಡಿ ಅವರ್ದು ಅಂದೆ. ಎರಡು ದಿನ ಆಗಲ್ಲ ಅಂತಾನೇ ಅಂದೆ.”

“ಮೂರನೇ ದಿನ?”

“ಮೂರನೇ ದಿನ ಹೇಳಿದ್ರು, ನೀವು ಮಾಡ್ದೆ ಇದ್ರೆ ನಾನು ಗಾಡೀನೇ ಮಾರಿಸ್ತೀನಿ ಅಂತ. ಮಾರ್ಬಿಟ್ರೆ ನನಗೇನ್ ಉಳೀತು ಸಾರ್?” ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, “ಅತ್ರು ಕೂಡ,” ಎಂದ, ಅದು ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬಂತೆ. “ಮೊನ್ನೆ ಮನೆ ಹತ್ರಾನೂ ಬಂದಿದ್ದೆ. ನನ್ನ ಕೈಲಿ ಆಗ್ತಿಲ್ಲ, ಸಾರ್‌ಗೆ ಹೇಳ್ಬಿಡಿ ಅಂತ ಹೇಳೋಕೆ. ನೀವು ಬಂದು ಬಂದು ಪಿಕಪ್ ಸೂಪರ್ ಅಂದಾಗೆಲ್ಲ ನನಗೆ ಎಲ್ಲಿ ನೋಡ್ಬೇಕೋ ಗೊತ್ತಾಗ್ತಿರ್ಲಿಲ್ಲ.”

ನಿರಂಜನನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ತಾನಿಲ್ಲದ ಕಡೆ ಇಬ್ಬರು ಕೂತು, ಮಗುವಿನ ಕೈಯಿಂದ ಕತ್ತರಿ ತೆಗೆದು ಅದೇ ಆಕಾರದ ಆಟಿಕೆ ಕೊಡುವ ಬಗ್ಗೆ ಮಾತಾಡಿದ್ದಾರೆ. ಆಟಿಕೆಯನ್ನು ಕೊಟ್ಟಿದ್ದಾರೆ. ಮಗು ಅದರಿಂದಲೇ ಕತ್ತರಿಸಿದೆ. “ವಾಪಸ್ ಹಾಕು,” ಎಂದ.

“ಹಾಕ್ತೀನಿ. ಮೇಡಂಗೆ ನೀವೇ ಹೇಳಿ. ಗಂಡ ಹೆಂಡ್ತಿ ಮಧ್ಯೆ ನನ್ನ ಎಳೀಬೇಡಿ ಸಾರ್, ಸಾಕಾಗಿದೆ.”

ಡ್ಯಾಶ್‌ಬೋರ್ಡಿನ ಕೆಳಗೆ ತಂತಿ ಚುಚ್ಚಿ, ಲ್ಯಾಪ್‌ಟಾಪನ್ನು ಸೀಟಿನ ಮೇಲಿಟ್ಟು, ನಾಗಭೂಷಣ ಮಂಡಿಯೂರಿ ಕೂತ. ಪರದೆಯ ಮೇಲೆ ಒಂದು ನೀಲಿ ಗೆರೆ ನಿಧಾನವಾಗಿ ಬೆಳೆಯಿತು. “ಆಯ್ತು,” ಎಂದು ತಂತಿ ಕಿತ್ತ. ಅಷ್ಟೇ. ಏನೂ ಬದಲಾದಂತೆ ಕಾಣಲಿಲ್ಲ. ಮೇಖ್ರಿ ಸರ್ಕಲ್ಲಿನ ತನಕ ಗಾಡಿಗಳ ಸಾಲಿನಲ್ಲಿ ತೆವಳಿ, ಆಮೇಲೆ ಸಿಕ್ಕ ಒಂದು ಚೂರು ಖಾಲಿ ರಸ್ತೆಯಲ್ಲಿ ಒತ್ತಿ ನೋಡಿದ. ಬೆನ್ನು ಸೀಟಿಗೆ ಅಂಟಿತು. ಅಂಟಿತೇ? ಆಯ್ತು ಎಂದು ನಾಗಭೂಷಣ ಹೇಳಿದ್ದರಿಂದ ಅಂಟಿದಂತಾಯಿತೇ? ಮತ್ತೆ ಒತ್ತಲು ಜಾಗ ಸಿಗಲಿಲ್ಲ. ಸಿಕ್ಕಿದ್ದರೂ ಏನಾಗುತ್ತಿತ್ತು; ಇನ್ನು ಮುಂದೆ ತನ್ನ ಬೆನ್ನು ಹೇಳುವುದನ್ನು ತಾನು ನಂಬುವ ಹಾಗಿರಲಿಲ್ಲ.

ಸಂಜೆ ಆಸ್ಪತ್ರೆಯ ಮುಂದೆ ಸೌಜನ್ಯ ಎಂದಿನಂತೆ ಹತ್ತಿದಳು. ಬ್ಯಾಗನ್ನು ಕಾಲ ಬಳಿ ಇಟ್ಟು, ನೀರು ಕುಡಿದು, ಇವತ್ತು ಬಂದಿದ್ದ ಒಬ್ಬ ಅಜ್ಜನ ಬಗ್ಗೆ ಏನೋ ಹೇಳಲು ಶುರುಮಾಡಿದಳು. ಇವನು ಏನನ್ನೂ ತೋರಿಸಿಕೊಳ್ಳಬಾರದೆಂದು, ಎಂದಿಗಿಂತ ನಿಧಾನವಾಗಿ, ಮೊಟ್ಟೆಯ ಮೇಲೆ ಕಾಲಿಡುವಂತೆ ಪೆಡಲ್ ಮುಟ್ಟಿ ಕಾರನ್ನು ರಸ್ತೆಗೆ ತಂದ. ಹಿಂದಿನ ಆಟೋದವನು ಹಾರನ್ ಹೊಡೆದ. ಒಂದೇ ಒಂದು ಸಲ, ಆಟೋಗೆ ದಾರಿ ಬಿಡಲೆಂದು, ಕಾಲು ಸ್ವಲ್ಪ ಒತ್ತಿತು. ಸೌಜನ್ಯಳ ಮಾತು ನಡುವೆ ನಿಂತಿತು. ಅವಳ ಎಡಗೈ ತಾನಾಗಿ ಮೇಲಕ್ಕೆ ಹೋಗಿ ಬಾಗಿಲಿನ ಮೇಲಿನ ಹಿಡಿಯನ್ನು ಹಿಡಿಯಿತು. ನಾಲ್ಕು ತಿಂಗಳಲ್ಲಿ ಅವನ ಮೈಗೆ ತಿಳಿಯದಿದ್ದದ್ದು ಅವಳ ಕೈಗೆ ಅಷ್ಟರಲ್ಲಿ ತಿಳಿದಿತ್ತು.

ಅಜ್ಜನ ಕಥೆ ಮುಂದುವರಿಯಲಿಲ್ಲ. ಮತ್ತಿಕೆರೆ ದಾಟಿದರು.

“ಹಾಕಿಸ್ಕೊಂಡ್ರಾ?” ಎಂದಳು.

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದೀನಿ ರೀ. ಎಷ್ಟು ಸಲ ಹೇಳಿದೀನಿ. ನಾನು ಭಯ ಅಂದಾಗೆಲ್ಲ ನೀವು ಬ್ರೇಕ್ ಬಗ್ಗೆ ಮಾತಾಡಿದ್ರಿ.”

“ಅದಕ್ಕೆ ಆ ನಾಗಭೂಷಣನ ಹತ್ರ ಹೋಗೋದಾ? ಅವನ ಮುಂದೆ ಅಳೋದಾ? ಊರಲ್ಲೆಲ್ಲ ನಾನು ಪೆಕರನ ಥರ…”

“ನಿನ್ನೆ ಗಿರಿ ಅವರ ಹತ್ರ ಹೋಗಿದ್ರಲ್ಲ, ಅವರ ಮುಂದೆ ಅವಮಾನ ಆಯ್ತು ಅಂತ ತಾನೇ?” ಅವಳ ಧ್ವನಿ ಏರಲಿಲ್ಲ. “ಆವತ್ತು ಆ ಅಜ್ಜಿ ನಿಮಗೆ ಕೈ ಮುಗಿದ್ಲು. ನೋಡಿದ್ರಾ?”

ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ನೋಡಿದ್ದ. ಧೂಳು ಇಳಿದ ಮೇಲೆ ಮುದುಕಿ ಚೆಲ್ಲಿದ ಹುಲ್ಲಿನ ನಡುವೆ ಕುಕ್ಕರಿಸಿದ್ದಳು. ಇವನು ಗಾಜು ಇಳಿಸಿದ್ದ. ಬಾಯಿಗೆ ಬಂದ ಮಾತು ಬೈದಿದ್ದ, ಕಣ್ಣು ಕಾಣಲ್ವಾ, ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಎಂದು. ಅವಳು ಏಳಲಾಗದೆ ಕೂತಲ್ಲಿಂದಲೇ ಎರಡೂ ಕೈ ಜೋಡಿಸಿ, ‘ತಪ್ಪಾಯ್ತು ಬುದ್ಧಿ, ತಪ್ಪಾಯ್ತು’ ಎಂದಿದ್ದಳು. ಅವಳ ಕೈ ಬೆರಳುಗಳಿಗೆ ಹುಲ್ಲು ಅಂಟಿತ್ತು. ಇವನು ಗಾಜು ಏರಿಸಿ ಹೊರಟಿದ್ದ.

“ನೋಡ್ದೆ,” ಎಂದ.

“ನೋಡಿದ್ರೂ ಆ ಕಥೇಲಿ ಅದು ಯಾವತ್ತೂ ಬರ್ಲಿಲ್ವಲ್ಲ.” ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. “ಶಾಂತಲಾ ಮನೇಗ್ ಬಂದು ಕೇಳಿದ್ಲು, ಅಮ್ಮ, ತಪ್ಪು ಆ ಅಜ್ಜೀದಾ ಅಂತ. ನಾನು ಹೂಂ ಅಂದೆ. ನಿಮ್ಮನ್ನ ಬಿಟ್ಕೊಡ್ಬಾರ್ದು ಅಂತ ಹೂಂ ಅಂದೆ. ಅದು ನನಗೆ ಇನ್ನೂ ಜೀರ್ಣ ಆಗಿಲ್ಲ.” ಹಸಿರು ಬಿತ್ತು. ಹಿಂದಿನವರು ಹಾರನ್ ಹೊಡೆಯತೊಡಗಿದರು. ಬಿಇಎಲ್ ಸರ್ಕಲ್ ದಾಟಿ ಬಸ್ ನಿಲ್ದಾಣ ಕಂಡಾಗ, “ಇಲ್ಲಿ ನಿಲ್ಸಿ,” ಎಂದಳು.

“ಏನ್ ಮಾಡ್ತಿದೀಯಾ? ನಿಧಾನವಾಗೇ ಹೋಗ್ತಿದೀನಲ್ಲ.”

“ನೀವು ನಿಧಾನವಾಗಿ ಹೋಗ್ತಿದೀರಾ. ಅದು ನಿಮ್ಮ ಕೈಲಿದೆ. ನನ್ನ ಕೈಲೇನಿದೆ? ನಿಲ್ಸಿ ರೀ.”

ನಿಲ್ಲಿಸಿದ. ಅವಳು ಬ್ಯಾಗ್ ತೆಗೆದುಕೊಂಡು, ಬಾಗಿಲನ್ನು ಜೋರಾಗಿ ಹಾಕದೆ, ಒತ್ತಿ ಹಾಕಿ ಹೋದಳು. ವಿದ್ಯಾರಣ್ಯಪುರದ ಬಸ್ಸು ಬಂತು. ಹತ್ತಿದಳು.

ಅವನು ಮುಂದೆ ಹೋಗಿಬಿಡಬಹುದಿತ್ತು. ಮನೆಗೆ ಮೊದಲೇ ತಲುಪಿ, ಗೇಟು ತೆಗೆದು, ಕಾಫಿಗೆ ನೀರಿಟ್ಟು ಕಾಯಬಹುದಿತ್ತು. ಆದರೆ ಬಸ್ಸನ್ನು ದಾಟಿ ಹೋಗುವುದು, ಅದೂ ಇವತ್ತು, ಅವಳು ಕಿಟಕಿಯಿಂದ ನೋಡುತ್ತಿರುವಾಗ, ಅವನಿಂದ ಆಗಲಿಲ್ಲ. ಬಸ್ಸಿನ ಹಿಂದೆಯೇ ಹೊರಟ. ಬಸ್ಸು ನಿಂತಾಗ ನಿಂತ, ಹೊರಟಾಗ ಹೊರಟ. ರಾಮಚಂದ್ರಾಪುರದಲ್ಲಿ ಶಾಲೆಯ ಮಕ್ಕಳು ಇಳಿದು ಕಾರಿನ ಮುಂದೆಯೇ ಸಾಲಾಗಿ ರಸ್ತೆ ದಾಟಿದರು. ಕೊನೆಯವನು ದಾಟುವ ತನಕ ಕಾದ. ಹನ್ನೊಂದು ವರ್ಷ ಕಟ್ಟಿದ ಶಕ್ತಿಯೆಲ್ಲ ಬಾನೆಟ್ಟಿನ ಕೆಳಗೆ ಗುರುಗುಟ್ಟುತ್ತಿತ್ತು, ಎತ್ತಿನ ಗಾಡಿಯ ವೇಗದಲ್ಲಿ. ಬಸ್ಸಿನ ಹಿಂದಿನ ಗಾಜಿನಲ್ಲಿ ನಿಂತವರ ಬೆನ್ನುಗಳು, ಅವುಗಳ ಸಂದಿನಲ್ಲಿ ಒಮ್ಮೊಮ್ಮೆ ಸೌಜನ್ಯಳ ಜಡೆ, ಕಂಬಿ ಹಿಡಿದ ಅವಳ ಕೈ. ಆ ಕೈ ಸಡಿಲವಾಗಿತ್ತು. ತನ್ನ ಪಕ್ಕದಲ್ಲಿ ಕೂತಾಗ ಆ ಕೈ ಹೀಗಿತ್ತೇ ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಅವಳು ಒಮ್ಮೆಯೂ ತಿರುಗಲಿಲ್ಲ. ತಿರುಗಿದವರು ಬೇರೆಯವರು. ಹಿಂದಿನ ಸೀಟಿನ ಹೆಂಗಸೊಬ್ಬಳು ಇವನನ್ನು ನೋಡಿದಳು, ಇವನ ಕಣ್ಣು ಹೋಗುತ್ತಿದ್ದ ಕಡೆ ನೋಡಿದಳು, ಪಕ್ಕದವಳಿಗೆ ಏನೋ ಹೇಳಿದಳು. ದೊಡ್ಡಬೊಮ್ಮಸಂದ್ರದ ಹೊತ್ತಿಗೆ ಮೂರು ನಾಲ್ಕು ಮುಖಗಳು ಗಾಜಿಗೆ ಬಂದಿದ್ದವು. ಕಂಡಕ್ಟರೂ ಬಗ್ಗಿ ನೋಡಿದ. ನಿರಂಜನ ಕಣ್ಣು ತಗ್ಗಿಸಿದ. ತಗ್ಗಿಸಿದರೆ ಇನ್ನಷ್ಟು ಕಳ್ಳನಂತೆ ಕಾಣುತ್ತೇನೆ ಎನ್ನಿಸಿ ಮತ್ತೆ ಎತ್ತಿದ. ಸಂಶಯದ ಕಣ್ಣಿನ ಈಚೆ ಬದಿಯಲ್ಲಿ ಕೂರುವುದು ಎಷ್ಟು ಸೆಖೆ ಎಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಅವನು ಸ್ವಲ್ಪ ಹಿಂದೆಯೇ ಕಾರು ನಿಲ್ಲಿಸಿ ಗಾಜು ಇಳಿಸಿದ. ಸೌಜನ್ಯ ಇಳಿದು ಎರಡು ಹೆಜ್ಜೆ ಹೋಗಿರಬಹುದು. ಆ ಹಿಂದಿನ ಸೀಟಿನ ಹೆಂಗಸು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದವಳು, ಅವಳನ್ನು ತಡೆದಳು.

“ಏನಮ್ಮಾ, ಆ ಕೆಂಪ್ ಕಾರ್‌ನವನು ಬಿಇಎಲ್ ಸರ್ಕಲ್ಲಿಂದ ನಿಮ್ಮನ್ನೇ ನೋಡ್ಕೊಂಡು ಹಿಂದೇನೇ ಬರ್ತಿದಾನೆ. ಗೊತ್ತಾ ನಿಮಗೆ? ತೊಂದ್ರೆ ಗಿಂದ್ರೆ ಇದ್ರೆ ಹೇಳಿ, ಕಂಡಕ್ಟರ್ ಇನ್ನೂ ಇಲ್ಲೇ ಇದಾರೆ.”

ಸೌಜನ್ಯ ತಿರುಗಿದಳು. ಮೊದಲು ಕಾರನ್ನು ನೋಡಿದಳು, ಆಮೇಲೆ ಅವನನ್ನು. ಈಗ ನಗುತ್ತಾಳೆ, ಅಯ್ಯೋ ನಮ್ಮ ಮನೆಯವರು ಕಣ್ರೀ ಎನ್ನುತ್ತಾಳೆ ಎಂದು ಅವನು ಕಾದ. ಅವಳು ನೋಡುತ್ತಲೇ ಇದ್ದಳು. ಸಂಜೆಯ ಬೆಳಕು ಅವಳ ಮುಖದ ಮೇಲಿತ್ತು, ಅದರಲ್ಲಿ ಸಿಟ್ಟೂ ಇರಲಿಲ್ಲ.

“ಗೊತ್ತಿರೋರೇ,” ಎಂದಳು.

ಆ ಹೆಂಗಸಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಸೌಜನ್ಯಳ ಪಕ್ಕದಲ್ಲೇ ನಡೆದಳು, ನಡೆಯುತ್ತ ಹಿಂದಿರುಗಿ ಅವನನ್ನು ನೋಡಿದಳು. ಇಬ್ಬರೂ ತಿರುವಿನ ಕಡೆ ಹೋಗುತ್ತಿದ್ದರು. ನಿರಂಜನ ಇಂಜಿನ್ ಆರಿಸಿ ಇಳಿದ. ಅವಳ ಹಿಂದೆ ಹೋಗಬೇಕಿತ್ತು. ಹೆದರಿಸಿದಂತೆ ಆಗಬಾರದೆಂದರೆ ಎಷ್ಟು ದೂರ ಬಿಟ್ಟು ನಡೆಯಬೇಕು ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.